ಘಾಟಿ ಹತ್ತುವ ಮುಳ್ಳು

ಸಕಲೇಶಪುರದ ಪೇಟೆ ಕಳೆದು ದೋಣಿಗಲ್ ಕಡೆಗೆ ಹೊರಟರೆ, ಒಂದು ಕಾಫಿ ತೋಟದ ಬೇಲಿ ಮುಗಿದು ಇನ್ನೊಂದರ ಬೇಲಿ ಶುರುವಾಗುವ ನಡುವಿನ ತುಸು ಜಾಗದಲ್ಲಿ, ಸಿಲ್ವರ್ ಓಕ್ ಕಂಬಗಳ ಮೇಲೆ ತಗಡು ಹೊದಿಸಿದ ಒಂದು ಗ್ಯಾರೇಜಿದೆ. ಬೋರ್ಡಿನ ಅಕ್ಷರಗಳನ್ನು ಎಷ್ಟೋ ಮಳೆಗಾಲಗಳು ತೊಳೆದುಕೊಂಡು ಹೋಗಿವೆ. ಊರಿನವರ ಬಾಯಲ್ಲಿ ಅದು ವೈರಿಂಗ್ ಮೇಸ್ತ್ರಿ ಗ್ಯಾರೇಜು, ಅಷ್ಟೇ. ನೆಲ ಮಣ್ಣಿನದೇ ಆದರೂ ಮಣ್ಣಿನ ಬಣ್ಣ ಉಳಿದಿಲ್ಲ. ಸುಟ್ಟ ಆಯಿಲ್, ಗ್ರೀಸು, ಡೀಸೆಲ್ ಕುಡಿದು ಕುಡಿದು ಕಪ್ಪಗೆ ಗಟ್ಟಿಯಾಗಿ, ಸೂರಿನ ಹನಿ ಬಿದ್ದ ಕಡೆಯಲ್ಲೆಲ್ಲ ನೇರಳೆ ಹಸಿರು ಬಳೆಗಳು ಅರಳಿಕೊಳ್ಳುತ್ತವೆ. ಸೆಪ್ಟೆಂಬರ್ ತಿಂಗಳು. ಮಳೆ ಹೋಯಿತು ಅಂದುಕೊಂಡು ಕೊಡೆ ಬಿಟ್ಟು ಬಂದವರನ್ನು ಹಿಡಿದು ನೆನೆಸುವಂಥ ಜಿನುಗು. ರಸ್ತೆಯಲ್ಲಿ ಟ್ಯಾಂಕರುಗಳು ಘಾಟಿಗೆ ಇಳಿಯುವ ಮುನ್ನ ಗೇರು ಬದಲಿಸುವ ಸದ್ದು, ಪಕ್ಕದ ಗೂಡಂಗಡಿಯಲ್ಲಿ ಚಹಾ ಸೋಸುವ ಸದ್ದು, ತೋಟದೊಳಗೆಲ್ಲೋ ಹುಲ್ಲು ಕತ್ತರಿಸುವ ಮೆಷಿನ್ನಿನ ಸದ್ದು. ಆ ಲಾರಿ ಟಯರಿನ ಮೇಲೆ ಗೋಣಿಚೀಲ ಹಾಸಿದೆ, ಅಲ್ಲಿ ಕೂರಬಹುದು. ಮೇಸ್ತ್ರಿ ಮಾತಾಡಿಸದಿದ್ದರೆ ಬೇಸರ ಬೇಡ. ಕೆಲಸದ ಹೊತ್ತಿನಲ್ಲಿ ಅವರು ಮಾತಾಡುವುದು ಗಾಡಿಯ ಜೊತೆ, ಇಲ್ಲವೇ ಹುಡುಗನ ಜೊತೆ.

ಹತ್ತು ಗಂಟೆಯ ಸುಮಾರಿಗೆ ಬಂದ ಗಾಡಿಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸಿತು. ಮಂಗಳೂರಿನ ದಕ್ಕೆಯಿಂದ ರಾತ್ರಿ ಹೊರಟು, ಬೆಳಕು ಹರಿಯುವ ಹೊತ್ತಿಗೆ ಘಾಟಿ ಹತ್ತಿ, ಸಕಲೇಶಪುರ, ಆಲೂರು, ಹಾಸನದ ಮೀನಂಗಡಿಗಳಿಗೆ ಬಂಗುಡೆ ಬೂತಾಯಿ ಇಳಿಸಿ ವಾಪಸು ಹೊರಟ ಹಳೆಯ ಡೀಸೆಲ್ ಪಿಕಪ್. ಹಿಂದೆ ಒಂದರೊಳಗೊಂದು ಕೂರಿಸಿದ ಖಾಲಿ ಕ್ರೇಟುಗಳು, ಮಡಚಿ ಕಟ್ಟಿದ ನೀಲಿ ಟಾರ್ಪಾಲು, ಮೂಲೆಯಲ್ಲಿ ಕರಗಲು ಇನ್ನೂ ಮನಸ್ಸು ಮಾಡದ ಮಂಜುಗಡ್ಡೆಯ ಚೂರು. ಹಲಗೆಯ ಸಂದಿಯಿಂದ ತೊಟ್ಟಿಕ್ಕುವ ನೀರಿಗೆ ಉಪ್ಪಿನ, ಮೀನಿನ, ತುಕ್ಕಿನ ಮೂರೂ ವಾಸನೆ. ಗೂಡಂಗಡಿಯ ಬೆಕ್ಕು ಎದ್ದು ಬಂದು ಹಿಂದಿನ ಚಕ್ರದ ಬಳಿ ಕೂತಿತು.

ಚಾಲಕ ಇಳಿದವನೇ ಬಾಗಿಲು ತೆರೆದಿಟ್ಟು ಡ್ಯಾಶ್‌ಬೋರ್ಡಿನ ಕಡೆ ಕೈ ತೋರಿಸಿದ. "ಇದರ ಕತೆ ಎಂಥದ್ದೂಂತ ನೀವೇ ಹೇಳಿ ಮೇಸ್ತ್ರಿ. ನನಗೆ ಸಾಕಾಗಿ ಹೋಯ್ತು ಮಾರಾಯ್ರೆ."

ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಸಿಲಿಗೆ ಬಿಳಿಚಿದೆ. ಸ್ಪೀಡೋಮೀಟರಿನ ಗಾಜಿನೊಳಗೆ ತೇವ ಹಬೆಯಾಗಿ ಕೂತಿದೆ. ಅದರ ಎಡಕ್ಕೆ ಡೀಸೆಲ್ಲಿನ ಮೀಟರು, ಬಲಕ್ಕೆ ಟೆಂಪರೇಚರ್ ಮೀಟರು: ಕೆಳಗೆ ಸಿ, ಮೇಲೆ ಎಚ್, ಎಚ್ಚಿನ ಹತ್ತಿರ ಬಾಡಿದ ಕೆಂಪು ಪಟ್ಟಿ, ನಡುವೆ ಬೆರಳುಗುರಿನಷ್ಟು ಉದ್ದದ ಬಿಳಿ ಮುಳ್ಳು. ಈಗ ಆ ಮುಳ್ಳು ಸಿ ದಾಟಿ ಸ್ವಲ್ಪ ಮೇಲೆ, ಏನೂ ಅರಿಯದ ಮುಖ ಮಾಡಿಕೊಂಡು ನಿಂತಿತ್ತು.

"ಈಗ ನೋಡಿದ್ರೆ ಹೀಗೆ ಸುಮ್ಮನೆ ಉಂಟು. ಘಾಟಿ ಹತ್ತುವಾಗ ಇದರ ಅವತಾರ ನೋಡ್ಬೇಕು. ಒಮ್ಮೆಗೇ ಕೆಂಪಿಗೆ ಹೋಗ್ತದೆ. ಗಾಡಿ ಬದಿಗೆ ಹಾಕಿ ಆಫ್ ಮಾಡಿ ಕೂತ್ಕೊಳ್ಳುದು. ಮೀನು ಕೆಡ್ತದೆ, ಪಾರ್ಟಿಯವರ ಫೋನು ಮೇಲೆ ಫೋನು."

ಎಲ್ಲೆಲ್ಲಿ ತೋರಿಸಿದೆ, ಏನೇನು ಬದಲಾಯಿತು ಎಂಬ ಪಟ್ಟಿ ಅವನ ನಾಲಗೆ ತುದಿಯಲ್ಲೇ ಇತ್ತು. ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿದ್ದಾಯಿತು. ಮುಚ್ಚಳ ಹೊಸದು. ಫ್ಯಾನ್ ಬೆಲ್ಟ್ ಹೊಸದು. ಇಂಜಿನ್ನಿಗೆ ಕೂರಿಸುವ ಸೆನ್ಸರು ಹೊಸದು, ಅದೂ ಎರಡನೆಯದು. ಒಬ್ಬರು ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಹೆಡ್ ಇಳಿಸೋಣ ಎಂದಿದ್ದರಂತೆ. ಅಷ್ಟು ದುಡ್ಡಿಲ್ಲದ್ದರಿಂದ ಇಂಜಿನ್ ಉಳಿದುಕೊಂಡಿದೆ.

ಮೇಸ್ತ್ರಿ ಕನ್ನಡಕ ಮೂಗಿಗೇರಿಸಿ ಬಾನೆಟ್ ಎತ್ತಿದರು. ಕೈಗೆ ಒಂದೂ ಸ್ಪ್ಯಾನರ್ ತೆಗೆದುಕೊಳ್ಳಲಿಲ್ಲ. ಹುಡುಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದಾಗ "ಬಿಡ್ಲಾ, ಆರ್‍ಲಿ" ಎಂದು ಗದರಿದರು. ಬಿಸಿ ಇಂಜಿನ್ನಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ಪ್ರತಿ ಗ್ಯಾರೇಜೂ ಕಂಡಿರುತ್ತದೆ. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ಮುಚ್ಚಳದೊಳಗಿನ ಸ್ಪ್ರಿಂಗು 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 117ರ ಆಸುಪಾಸಿನವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಹೋಗಿ, ಒಳಗಿನ ನೀರು ಒಮ್ಮೆಲೇ ಕುದಿದು ಹಬೆಯೊಡನೆ ಮೇಲೆ ಚಿಮ್ಮುತ್ತದೆ. ಹಾಗಾಗಿ ಕಾಯುವುದೇ ಇಲ್ಲಿ ಮೊದಲ ಕೆಲಸ. ಚಹಾ ಬಂತು.

ಕಾಯುತ್ತಾ ಮೇಸ್ತ್ರಿ ಕೇಳಿದ ಪ್ರಶ್ನೆಗಳು ಸಣ್ಣ ಸಣ್ಣವು. ಮುಳ್ಳು ಏರುವಾಗ ಮೆಲ್ಲಗೆ ಏರ್ತದಾ, ಹಾರ್ತದಾ? ಕೆಂಪಿಗೆ ಹೋದಾಗ ನೀರು ಉಕ್ಕಿದ್ದುಂಟಾ? ಬಾನೆಟ್ ಎತ್ತಿದಾಗ ಸುಟ್ಟ ವಾಸನೆ ಬಂತಾ? ಇಂಜಿನ್ ಎಳೆಯೋದು ಕಮ್ಮಿ ಆಯ್ತಾ? ಚಾಲಕ ಯೋಚಿಸಿ ಯೋಚಿಸಿ ಉತ್ತರ ಕೊಟ್ಟ. ಹಾರ್ತದೆ. ಉಕ್ಕಿದ್ದಿಲ್ಲ. ವಾಸನೆ ಇಲ್ಲ. ಎಳೆತ ಸರಿಯೇ ಉಂಟು.

"ಹಾರ್ತದೆ ಅಂದ್ರಲ್ಲ, ಅಲ್ಲಿಗೆ ಅರ್ಧ ಮುಗೀತು," ಎಂದು ಮೇಸ್ತ್ರಿ ಲೋಟ ಕೆಳಗಿಟ್ಟರು.

ಆ ಅರ್ಧ ಹೇಗೆ ಮುಗಿಯಿತೆಂಬುದು ಬಚ್ಚಲೊಲೆಯ ಮುಂದೆ ಕೂತು ಹಂಡೆಗೆ ಸೌದೆ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ: ಎಷ್ಟೇ ಉರಿ ಹಾಕಿ, ಹಂಡೆಯ ನೀರು ಕಣ್ಣು ಮಿಟುಕಿಸುವುದರೊಳಗೆ ಕಾಯುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಆರುವುದೂ ಇಲ್ಲ. ಲೆಕ್ಕವೇ ಬೇಕೆಂದರೆ ಮಾಡಿ ನೋಡಬಹುದು. ಇಂಥ ಗಾಡಿಯ ಇಂಜಿನ್ನು, ರೇಡಿಯೇಟರು, ಪೈಪುಗಳಲ್ಲಿ ಒಟ್ಟು 10 ಲೀಟರ್ ನೀರು ಎಂದಿಟ್ಟುಕೊಂಡರೆ, ಅದನ್ನು ಒಂದು ಡಿಗ್ರಿ ಏರಿಸಲು 42 ಕಿಲೋಜೂಲಿನಷ್ಟು ಶಾಖ ಬೇಕು. ನೀರಿನ ಸುತ್ತ ಇರುವ ಇನ್ನೂರು ಕಿಲೋ ಕಬ್ಬಿಣಕ್ಕೆ ಅದರ ಎರಡು ಪಟ್ಟಿಗಿಂತ ಚೂರು ಹೆಚ್ಚು. ಅರವತ್ತು ಅಶ್ವಶಕ್ತಿಯ ಡೀಸೆಲ್ ಇಂಜಿನ್ನು ಇದ್ದಬದ್ದ ಬಲವನ್ನೆಲ್ಲ ಹಾಕಿ ಘಾಟಿ ಹತ್ತುವಾಗ ನೀರಿಗೆ ತಳ್ಳುವ ಶಾಖ ಹೆಚ್ಚೆಂದರೆ 45 ಕಿಲೋವ್ಯಾಟ್. ಅಂದರೆ ರೇಡಿಯೇಟರು ಪೂರ್ತಿ ಕೈಕೊಟ್ಟು, ಒಂದು ಹನಿ ಶಾಖವೂ ಹೊರಗೆ ಹೋಗದಿದ್ದರೂ, 40 ಡಿಗ್ರಿ ಏರಲು ಎರಡು ನಿಮಿಷ ಹಿಡಿಯಬೇಕು. ಒಂದು ಉಸಿರಿನೊಳಗೆ ಸಿ-ಯಿಂದ ಎಚ್-ಗೆ ಹೋಗುವ ಮುಳ್ಳು ನೀರಿನ ಸುದ್ದಿ ಹೇಳುತ್ತಿಲ್ಲ. ಕರೆಂಟಿನ ಸುದ್ದಿ ಹೇಳುತ್ತಿದೆ. ಮೇಸ್ತ್ರಿ ಈ ಗುಣಾಕಾರವನ್ನು ಎಂದೂ ಮಾಡಿದವರಲ್ಲ. ಅವರಿಗೆ ಬೇಕೂ ಇಲ್ಲ.

ಆದರೂ ಅವರು ಮುಚ್ಚಳ ಆರುವವರೆಗೆ ಕಾದು, ಬಟ್ಟೆ ಸುತ್ತಿ, ಅರ್ಧ ತಿರುಗಿಸಿ ಉಸ್ಸೆನ್ನಿಸಿ, ತೆಗೆದು ಒಳಗೆ ನೋಡಿದರು. ಇದಕ್ಕೂ ಕಾರಣವಿದೆ. ನೀರು ಕಮ್ಮಿಯಾಗಿ, ಸೆನ್ಸರಿನ ತುದಿಗೆ ಒಮ್ಮೆ ನೀರು ಒಮ್ಮೆ ಹಬೆ ತಾಗುತ್ತಿದ್ದರೆ ಆಗಲೂ ಮುಳ್ಳು ಹೊಯ್ದಾಡುತ್ತದೆ, ಮಿಂಚಿನ ವೇಗದಲ್ಲಿ ಅಲ್ಲದಿದ್ದರೂ ನೋಡುವವನು ಗಾಬರಿಯಾಗುವಷ್ಟು ಬೇಗ. ಎಲ್ಲಕ್ಕಿಂತ ಕೆಟ್ಟದ್ದು ನೀರು ಪೂರ್ತಿ ಸೋರಿಹೋದಾಗ ಆಗುವಂಥದ್ದು. ಸೆನ್ಸರಿನ ಸುತ್ತ ನೀರೇ ಇಲ್ಲ, ಬರೀ ಗಾಳಿ. ಕೆಂಪಿನ ಹತ್ತಿರ ಇದ್ದ ಮುಳ್ಳು ತಾನಾಗಿ ಕೆಳಗಿಳಿಯುತ್ತದೆ. ಚಾಲಕ ಅಬ್ಬ ಎಂದು ಆಕ್ಸಿಲರೇಟರ್ ಒತ್ತುತ್ತಾನೆ, ಇಂಜಿನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಮುಳ್ಳು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸುವ ಮುನ್ನ ನೀರನ್ನು ಕಣ್ಣಾರೆ ನೋಡಬೇಕು. ನೋಡಿದರು. ನೀರು ಕುತ್ತಿಗೆಯವರೆಗೂ ಇತ್ತು. ಕೂಲೆಂಟ್ ಹಾಕಿದ ಹಸಿರು ಎಲ್ಲೂ ಇಲ್ಲ, ದಾರಿಬದಿಯ ತೊರೆಯಿಂದ ತುಂಬಿಸಿದ್ದು ಇರಬೇಕು, ಇಟ್ಟಿಗೆ ಬಣ್ಣ. ಮೇಸ್ತ್ರಿ ಒಂದು ಸಲ ಚಾಲಕನ ಮುಖ ನೋಡಿದರು. ಅವನು ಬೆಕ್ಕಿನ ಕಡೆ ತಿರುಗಿದ.

ಈಗ ಇಂಜಿನ್ ಚಾಲೂ ಆಯಿತು. ಇಗ್ನಿಷನ್ ತಿರುಗಿಸಿದ ಕೂಡಲೇ ಸ್ಟಾರ್ಟರ್ ಗಟ್ಟಿಯಾಗಿ ಸುತ್ತಿತು, ಎಲ್ಲೂ ಸೋತಂತೆ ಕಾಣಲಿಲ್ಲ. ಇಂಜಿನ್ನಿನ ಮುಂಬದಿಯಲ್ಲಿ, ಮೇಲಿನ ಹೋಸ್ ಪೈಪು ಸೇರುವ ಜಾಗದ ಹತ್ತಿರ, ಹಿತ್ತಾಳೆಯ ಒಂದು ಬೋಲ್ಟು ಇದೆ. ಅದರ ತಲೆಗೆ ಒಂದೇ ಒಂದು ವೈರು. ಅದೇ ಸೆನ್ಸರು. ಒಳಗೊಂದು ಚಿಕ್ಕ ಬಿಲ್ಲೆ, ಬಿಸಿಯಾದಂತೆಲ್ಲ ಕರೆಂಟಿಗೆ ಹೆಚ್ಚು ಹೆಚ್ಚು ದಾರಿ ಬಿಡುವಂಥದ್ದು. ಗಾಡಿಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ನಮೂನೆಯಲ್ಲಿ 40 ಡಿಗ್ರಿಗೆ 290 ಓಮ್ ಹತ್ತಿರ ಇರುವ ಅಡ್ಡಿ, 120 ಡಿಗ್ರಿಗೆ 22ರ ಹತ್ತಿರಕ್ಕೆ ಇಳಿದಿರುತ್ತದೆ. ಬಿಸಿಯಾದರೆ ತಂತಿಯಲ್ಲಿ ಕರೆಂಟು ಹರಿಯುವುದು ಕಷ್ಟವಾಗುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದಕ್ಕೆ ತಿರುಗುಮುರುಗಾಗಿ ನಡೆಯುವ ಪದಾರ್ಥಗಳೂ ಉಂಟೆಂದು ಬೆಳ್ಳಿಯ ಸಲ್ಫೈಡನ್ನು ಕಾಯಿಸುತ್ತಾ ಮೈಕೆಲ್ ಫ್ಯಾರಡೆ ಗಮನಿಸಿದ್ದು 1833ರಲ್ಲಿ. ಆ ಗುಣವೇ ಈ ಹಿತ್ತಾಳೆ ಬೋಲ್ಟಿನ ಹೊಟ್ಟೆಯೊಳಗೆ ಕೂತು ಶಿರಾಡಿ ಘಾಟಿ ಹತ್ತುತ್ತಿದೆ.

ಮೇಸ್ತ್ರಿ ವೈರನ್ನು ಕಿತ್ತರು. ಕ್ಯಾಬಿನ್ನಿನಿಂದ ಹುಡುಗ ಕೂಗಿದ, "ಕೆಳಗೆ ಬಂತಣ್ಣ, ಪೂರ್ತಿ." ವೈರಿನ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಒಂದು ಕ್ಷಣ ಮುಟ್ಟಿಸಿದರು. "ಮೇಲೆ ಹೋಯ್ತಣ್ಣ, ಕೆಂಪಿಗೆ." ಅಂದರೆ ಮೀಟರು ಜೀವಂತವಾಗಿದೆ, ಅಲ್ಲಿಂದ ಇಲ್ಲಿಯವರೆಗಿನ ವೈರೂ ಸರಿಯಿದೆ. ವೈರು ಮಧ್ಯದಲ್ಲೆಲ್ಲೋ ಸವೆದು ಕಬ್ಬಿಣಕ್ಕೆ ತಾಗುತ್ತಿದ್ದರೂ ಮುಳ್ಳು ಹೀಗೇ ಕೆಂಪಿಗೆ ಹಾರುತ್ತದೆ. ಅದಕ್ಕೇ ಹುಡುಗನನ್ನು ಮುಳ್ಳು ನೋಡಲು ಕೂರಿಸಿ, ವೈರಿನ ಕಟ್ಟನ್ನು ಉದ್ದಕ್ಕೂ ಹಿಡಿದು ಅಲುಗಿಸಿದರು, ಎಳೆದರು, ಬಗ್ಗಿಸಿದರು. ಮುಳ್ಳು ಮಿಸುಕಲಿಲ್ಲ. ಇದು ಹಳೆಯ ಗಾಡಿಯಾದ್ದರಿಂದ ನಡೆಯುವ ಪರೀಕ್ಷೆ, ಹೊಸ ಗಾಡಿಗಳಲ್ಲಿ ಹೀಗೆ ಸಿಕ್ಕ ವೈರು ಕಬ್ಬಿಣಕ್ಕೆ ಮುಟ್ಟಿಸಿದರೆ ಕಂಪ್ಯೂಟರ್ ಪೆಟ್ಟಿಗೆಗೇ ಪೆಟ್ಟು ಬೀಳಬಹುದು. ಇದಕ್ಕಿಂತ ಹಳೆಯ ಟ್ರ್ಯಾಕ್ಟರು, ಲಾರಿಗಳಲ್ಲಿ ಇಷ್ಟೂ ಇರಲಿಲ್ಲ. ಬೇಗ ಆವಿಯಾಗುವ ದ್ರವ ತುಂಬಿದ ತೆಳ್ಳನೆಯ ತಾಮ್ರದ ನಳಿಗೆ ಇಂಜಿನ್ನಿನಿಂದ ಮೀಟರಿನವರೆಗೆ ಬರುತ್ತಿತ್ತು; ಬಿಸಿಗೆ ಒತ್ತಡ ಹೆಚ್ಚಿ, ಮೀಟರಿನೊಳಗಿನ ಬಾಗಿದ ಕೊಳವೆ ನೆಟ್ಟಗಾಗಲು ಹೋಗಿ, ಮುಳ್ಳನ್ನು ತಳ್ಳುತ್ತಿತ್ತು. ಆ ಬಾಗಿದ ಕೊಳವೆಗೆ ಫ್ರಾನ್ಸಿನ ಯೂಜಿನ್ ಬೋರ್ಡನ್ ಪೇಟೆಂಟ್ ಪಡೆದದ್ದು 1849ರಲ್ಲಿ. ಅಂಥ ಮೀಟರು ಕೆಡುವುದಾದರೆ ಒಂದೇ ಸಲ ಕೆಟ್ಟು ಸುಮ್ಮನಾಗುತ್ತಿತ್ತು, ಕುಣಿಯುತ್ತಿರಲಿಲ್ಲ.

ಸೆನ್ಸರನ್ನು ಬಿಚ್ಚಿದಾಗ ಅದರ ತಿರುಪಿನ ಮರೆಗೆ ಟೆಫ್ಲಾನ್ ಟೇಪು ಐದಾರು ಸುತ್ತು ಸುತ್ತಿತ್ತು. ಮೇಸ್ತ್ರಿ ನಾಲಗೆ ಲೊಚಗುಟ್ಟಿ ಉಗುರಿನಿಂದ ಕಿತ್ತು ಎಸೆದರು. ನೀರು ಸೋರದಿರಲಿ ಎಂದು ಸುತ್ತುತ್ತಾರೆ, ಆದರೆ ಒಂದು ವೈರಿನ ಸೆನ್ಸರಿಗೆ ಅರ್ತ್ ಸಿಗುವುದೇ ಆ ಮರೆಯ ಮೂಲಕ. ಟೇಪು ದಪ್ಪವಾದರೆ ಅರ್ತ್ ತಪ್ಪಿ ಮುಳ್ಳು ಕೆಳಗೇ ಕೂರುತ್ತದೆ. ಇಲ್ಲಿಯ ದೂರು ಮುಳ್ಳು ಮೇಲೆ ಹೋಗುವುದು. ಹಾಗಾಗಿ ಇದು ತಪ್ಪೇ ಆದರೂ ಈ ರೋಗದ ಮೂಲವಲ್ಲ. ಒರೆಸಿ, ತಾಮ್ರದ ವಾಷರ್ ಹಾಕಿ ಮತ್ತೆ ಕೂರಿಸಿದರು.

ಗಾಡಿ ನಿಂತಲ್ಲೇ ಇಂಜಿನ್ ಓಡಿತು, ಓಡಿತು, ಮುಳ್ಳು ಮಾತ್ರ ಕೆಳಗಡೆಯೇ. ವೈದ್ಯರ ಮುಂದೆ ಕೂತ ಕೂಡಲೇ ನಿಲ್ಲುವ ಕೆಮ್ಮು ಯಾರಿಗೆ ಗೊತ್ತಿಲ್ಲ. ಚಾಲಕನ ಮುಖದಲ್ಲಿ, ಈ ಮೇಸ್ತ್ರಿಯೂ ಇಷ್ಟೇ ಎಂಬ ಭಾವ ಮೂಡತೊಡಗಿತ್ತು. ಆಗ ಮೇಸ್ತ್ರಿ ಕೇಳಿದರು, "ಘಾಟಿ ಹತ್ತೋದು ಯಾವಾಗ ನೀವು?"

"ಬೆಳಿಗ್ಗೆ ನಾಲ್ಕು, ಐದು ಗಂಟೆಗೆ."

"ಇಳಿಯೋದು?"

"ಹೀಗೇ, ಹಗಲಲ್ಲಿ."

"ಲೈಟ್ ಹಾಕು" ಎಂದರು ಹುಡುಗನಿಗೆ.

ಹೆಡ್‌ಲೈಟು ಹೊತ್ತಿತು, ಬೆಳಕಿನಲ್ಲಿ ಸತ್ವವಿರಲಿಲ್ಲ, ಹಳದಿ. ಮುಳ್ಳು ಎದ್ದು ಅರ್ಧಕ್ಕೆ ಬಂದು ನಿಂತಿತು. "ವೈಪರ್." ಇನ್ನೊಂದಷ್ಟು ಏರಿತು. "ಬ್ಲೋವರ್. ಇಂಡಿಕೇಟರ್." ಈಗ ಮುಳ್ಳು ಕೆಂಪು ಪಟ್ಟಿಯ ಅಂಚಿನಲ್ಲಿ, ಇಂಡಿಕೇಟರಿನ ಟಕ್ ಟಕ್ ತಾಳಕ್ಕೆ ಸರಿಯಾಗಿ ತಲೆ ಕುಣಿಸತೊಡಗಿತು. ಪಕ್ಕದ ಡೀಸೆಲ್ ಮುಳ್ಳಿಗೂ ಸಣ್ಣ ನಡುಕ. ಚಾಲಕ ಕಿಟಕಿಯಿಂದ ತಲೆ ಒಳಗೆ ಹಾಕಿದವನು ಹೊರಗೆ ತೆಗೆಯಲೇ ಇಲ್ಲ.

ಅವನ ತಪ್ಪೇನೂ ಇರಲಿಲ್ಲ ಅನ್ನಿಸುತ್ತದೆ. ಏರು ಹತ್ತುವಾಗ ಲೋಡು, ಕೆಳಗಿನ ಗೇರು, ಮಂಜು, ಮಳೆ, ಕತ್ತಲು ಎಲ್ಲ ಒಟ್ಟಿಗೆ ಬರುತ್ತವೆ. ಇಳಿಯುವಾಗ ಗಾಡಿ ಖಾಲಿ, ಹಗಲು. ಇಂಜಿನ್ ಕಾದರೆ ಅದಕ್ಕೆ ಲೋಡು ಮತ್ತು ಏರು ಕಾರಣ ಎಂದು ಯಾರಾದರೂ ಹೇಳುತ್ತಾರೆ. ಅವುಗಳ ನಡುವೆ ಅಡಗಿ ಕೂತಿದ್ದ ದೀಪದ ಸ್ವಿಚ್ಚನ್ನು ಗುಮಾನಿಯಿಂದ ನೋಡುವ ಅಗತ್ಯ ಯಾವ ರೇಡಿಯೇಟರ್ ಮೇಸ್ತ್ರಿಗೂ ಬಿದ್ದಿರಲಿಲ್ಲ.

ಗಾಡಿಯಲ್ಲಿ ಕರೆಂಟು ಬ್ಯಾಟರಿಯಿಂದ ವೈರಿನಲ್ಲಿ ಹೋಗುತ್ತದೆ, ವಾಪಸು ಬರುವುದು ಗಾಡಿಯ ಮೈಯ ಕಬ್ಬಿಣದಲ್ಲೇ. ಹೆಡ್‌ಲೈಟು, ವೈಪರು, ಮೀಟರು ಎಲ್ಲವೂ ತಮ್ಮ ಪಾಲಿನ ಕರೆಂಟನ್ನು ಬಾಡಿಗೆ ಒಪ್ಪಿಸುತ್ತವೆ. ಈ ಗಾಡಿಯಲ್ಲಿ ಬ್ಯಾಟರಿಯ ಮೈನಸ್ ಕೇಬಲ್ಲು ನೇರ ಇಂಜಿನ್ನಿಗೆ. ಬಾಡಿಯಿಂದ ಇಂಜಿನ್ನಿಗೆ ದಾಟಲು ತಾಮ್ರದ ಎಳೆಗಳಿಂದ ಹೆಣೆದ ಒಂದು ಪಟ್ಟಿಯಷ್ಟೇ ಸೇತುವೆ. ಆ ಸೇತುವೆ ಹಾಳಾದರೆ ಸ್ಟಾರ್ಟರಿಗೆ ಏನೂ ಆಗದು, ಅದಕ್ಕೆ ನೇರ ದಾರಿಯಿದೆ. ದೀಪಗಳು ಮಂಕಾಗುತ್ತವೆ. ಮೀಟರಿನ ಪಾಡು ಮಾತ್ರ ವಿಚಿತ್ರ. ಅದರ ಒಳಗೆ ಎರಡು ತಂತಿ ಸುರುಳಿಗಳು ಮುಳ್ಳನ್ನು ಒಂದೊಂದು ಕಡೆಗೆ ಸೆಳೆಯುತ್ತಾ ಇರುತ್ತವೆ. ಒಂದರ ಅರ್ತ್ ಬಾಡಿಯಲ್ಲಿ, ಇನ್ನೊಂದರ ಅರ್ತ್ ಸೆನ್ಸರಿನ ಮೂಲಕ ಇಂಜಿನ್ನಿನಲ್ಲಿ. ದೀಪ ಹಾಕಿದಾಗ ಬಾಡಿಯಲ್ಲಿ ಕರೆಂಟು ದಾರಿ ಸಿಗದೆ ಕಟ್ಟಿಕೊಂಡರೆ ಮೊದಲನೆಯದರ ಸೆಳೆತ ಸೋಲುತ್ತದೆ, ಎರಡನೆಯದು ಮುಳ್ಳನ್ನು ಎಚ್ ಕಡೆಗೆ ಎಳೆದೊಯ್ಯುತ್ತದೆ.

ಮೇಸ್ತ್ರಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಬಾಡಿಯಲ್ಲಿ ಬಣ್ಣ ಕೆರೆದ ಜಾಗಕ್ಕೆ ಹಿಡಿದರು. ಎರಡೂ ಅರ್ತೇ ಆದ್ದರಿಂದ ಅಲ್ಲಿ ಸೊನ್ನೆಯ ಹತ್ತಿರ ಏನಾದರೂ ಬರಬೇಕು. 0.2 ವೋಲ್ಟ್ ದಾಟಿದರೆ ಅನುಮಾನ. ಬಂದದ್ದು 1.4. ಆಮೇಲೆ ಬ್ಯಾಟರಿ ಡೌನ್ ಆದಾಗ ಬಳಸುವ ದಪ್ಪ ಜಂಪರ್ ಕೇಬಲ್ಲನ್ನು ಅದೇ ಎರಡು ಜಾಗಗಳ ನಡುವೆ ಕಚ್ಚಿಸಿದರು. ಹೆಡ್‌ಲೈಟು ಒಮ್ಮೆಲೇ ಬೆಳ್ಳಗೆ ಹೊಳೆಯಿತು, ಮುಳ್ಳು ಧಡಕ್ಕನೆ ಕೆಳಗೆ ಬಿತ್ತು. ಬಾನೆಟ್ಟಿನೊಳಗೆ ಕೈಯಾಡಿಸಿ ಆಕ್ಸಿಲರೇಟರ್ ಕೇಬಲ್ಲನ್ನು ತೋರಿಸಿದರು. ಅದರ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಕರಗಿ ಗಂಟಾಗಿತ್ತು. ಸೇತುವೆ ಮುರಿದಾಗ ಕರೆಂಟು ಸಿಕ್ಕ ಕಾಲುದಾರಿಯಲ್ಲೇ ನುಗ್ಗುತ್ತದೆ, ಆ ಕೇಬಲ್ಲಿನ ಉಕ್ಕಿನ ತಂತಿಯೂ ಅಂಥದೊಂದು ಕಾಲುದಾರಿ. ಕೇಬಲ್ಲು ಬಿಗಿಯಾಗುತ್ತದೆಂದು ಅದನ್ನೂ ಒಮ್ಮೆ ಬದಲಿಸಿದ್ದುಂಟು ಎಂದು ಚಾಲಕ ಈಗ ನೆನಪಿಸಿಕೊಂಡ.

ಹುಡುಗ ಅಡಿಗೆ ನುಸುಳಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಗೇರ್‌ಬಾಕ್ಸಿನ ಬದಿಯಿಂದ ಆ ಪಟ್ಟಿಯನ್ನು ಬಿಚ್ಚಿ ತಂದ. ಪಟ್ಟಿ ಅಂದರೆ ಅದರ ಹೆಣ. ಒಂದು ತುದಿಯಲ್ಲಿ ತಾಮ್ರವೇ ಕಾಣದಷ್ಟು ಹಸಿರು ಕಿಲುಬು, ಬೆರಳಿಂದ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು. ಎಳೆಗಳಲ್ಲಿ ಹೆಚ್ಚಿನವು ತುಂಡಾಗಿ ಹತ್ತೋ ಹನ್ನೆರಡೋ ಉಳಿದಿದ್ದವು. ಬೋಲ್ಟಿನ ಸುತ್ತ ತುಕ್ಕಿನ ದಪ್ಪ ಪದರ. ಇದು ಬಂದದ್ದೆಲ್ಲಿಂದ ಎಂದು ತಿಳಿಯಲು ಗಾಡಿಯ ಹಿಂಭಾಗದ ಕಡೆ ನೋಡಿದರೆ ಸಾಕಿತ್ತು. ಮೀನು ಇಳಿಸಿದ ಮೇಲೆ ಹಲಗೆಯ ಮೇಲೆ ಉಳಿದ ಉಪ್ಪುನೀರು, ಗಾಡಿ ಘಾಟಿ ಇಳಿಯುವಾಗ ಮುಂದಕ್ಕೆ ಹರಿದು ಕ್ಯಾಬಿನ್ನಿನ ಬೆನ್ನಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಸಂದಿ ಹುಡುಕಿ ಕೆಳಗೆ, ನೇರ ಈ ಬೋಲ್ಟಿನ ಮೇಲೆ. ಹತ್ತುವಾಗ ಕಾಡುವ ರೋಗ ಹುಟ್ಟಿದ್ದು ಇಳಿಯುವಾಗ.

"ಇದು ಯಾವಾಗಿಂದ ಶುರು?" ಎಂದು ಮೇಸ್ತ್ರಿ ಕೇಳಿದ್ದಕ್ಕೆ, "ರಜೆ ಮುಗಿದು ಬೋಟು ಇಳಿದ ಮೇಲೆ" ಎಂಬ ಉತ್ತರ ಬಂತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಗಾಡಿ ಸಮುದ್ರದ ಗಾಳಿಗೆ ಮೈಯೊಡ್ಡಿ ಅಂಗಳದಲ್ಲಿ ನಿಂತಿತ್ತು, ತೊಳೆಯದೆ. ಓಡುವ ಗಾಡಿಗಿಂತ ನಿಂತ ಗಾಡಿಯನ್ನು ಉಪ್ಪು ಬೇಗ ತಿನ್ನುತ್ತದೆ ಎಂಬುದು ದಕ್ಕೆಯ ಜನಕ್ಕೆ ಹೊಸ ಮಾತಲ್ಲ. ಬೋಟಿನ ಕಬ್ಬಿಣಕ್ಕೆ ಬಣ್ಣ ಹೊಡೆಯಲು ಮರೆಯದವರು ಗಾಡಿಯ ಅಡಿಯನ್ನು ಮರೆತಿರುತ್ತಾರೆ, ಅಷ್ಟೇ.

ಹೊಸ ಪಟ್ಟಿ ಬಂತು. ಬೋಲ್ಟು ಕೂರುವ ಎರಡೂ ಜಾಗಗಳನ್ನು ಮರಳು ಕಾಗದದಿಂದ ಉಜ್ಜಿ ಕಬ್ಬಿಣದ ಬಿಳುಪು ಕಾಣುವವರೆಗೆ ತಂದು, ಬಿಗಿದು, ಮೇಲೆ ಗ್ರೀಸು ಮೆತ್ತಿದರು. ಮಲ್ಟಿಮೀಟರು 0.05 ತೋರಿಸಿತು. ಎಲ್ಲ ದೀಪ ಹಾಕಿದರೂ ಮುಳ್ಳು ಅಲುಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಳ್ಳು ಸಿ-ಯ ಪಕ್ಕದಲ್ಲೇ ಇತ್ತು. ದೋಣಿಗಲ್‌ವರೆಗೆ ಓಡಿಸಿಕೊಂಡು ಬಂದರೂ ಅಲ್ಲೇ.

"ಈಗ ಮೀಟರೇ ಸತ್ತುಹೋಯ್ತಲ್ಲ ಮಾರಾಯ್ರೆ!" ಎಂದ ಚಾಲಕ.

ಮೇಸ್ತ್ರಿ ಗಲ್ಲಾದ ಡ್ರಾಯರಿನಿಂದ ಶಾಖ ಅಳೆಯುವ ಗನ್ನು ತಂದರು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದುದರ ದೊಡ್ಡಣ್ಣ. ಹೊಳೆಯುವ ಅಲ್ಯುಮಿನಿಯಮ್ಮಿಗೆ ನೇರವಾಗಿ ಹಿಡಿದರೆ ಅದು ನಿಜ ಹೇಳುವುದಿಲ್ಲ, ಇರುವುದಕ್ಕಿಂತ ಬಹಳ ಕಮ್ಮಿ ತೋರಿಸುತ್ತದೆ. ಅದಕ್ಕೇ ಮೊದಲು ಕರಿ ಇನ್ಸುಲೇಷನ್ ಟೇಪಿನ ತುಂಡೊಂದನ್ನು ಹೋಸ್ ಪೈಪು ಸೇರುವ ಕತ್ತಿಗೆ ಅಂಟಿಸಿ, ಬಿಸಿಯಾಗಲು ಬಿಟ್ಟು, ಟೇಪಿಗೆ ಗುರಿಯಿಟ್ಟರು. 56 ಡಿಗ್ರಿ. ಮುಳ್ಳು ಸತ್ತಿರಲಿಲ್ಲ. ಬಹಳ ದಿನದ ಮೇಲೆ ನಿಜ ಹೇಳುತ್ತಿತ್ತು. ಇಂಜಿನ್ನೇ ತಣ್ಣಗಿತ್ತು.

ಕತ್ತಿನ ಎರಡು ಬೋಲ್ಟು ಬಿಚ್ಚಿದಾಗ ಒಳಗೆ ಥರ್ಮೋಸ್ಟಾಟ್ ವಾಲ್ವ್ ಇರಬೇಕಾದ ಗೂಡು ಖಾಲಿ. ಕಾಯುತ್ತದೆ ಎಂಬ ದೂರಿಗೆ ಮದ್ದಾಗಿ ಯಾರೋ ಅದನ್ನು ತೆಗೆದು ಎಸೆದಿದ್ದರು. ನಮ್ಮ ಕಡೆ ಇದು ಬಹಳ ಹಳೆಯ ಚಾಳಿ: ಚಳಿ ದೇಶದವರಿಗೆ ಬೇಕಾದದ್ದು, ನಮ್ಮ ಸೆಖೆಗೆ ಯಾಕೆ ಎಂಬ ವಾದ. ಆ ವಾಲ್ವಿನೊಳಗಿನ ಮೇಣ 82 ಡಿಗ್ರಿಯ ಸುಮಾರಿಗೆ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ಇಂಜಿನ್ ಬೇಗ ಹದಕ್ಕೆ ಬರುವಂತೆ ನೋಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಮಲೆನಾಡಿನ ಮಳೆಯಲ್ಲಿ, ಇಳಿಜಾರಿನಲ್ಲಿ, ಇಂಜಿನ್ ದಿನವಿಡೀ ಅರೆಬಿಸಿಯಲ್ಲೇ ದುಡಿಯುತ್ತದೆ. ಡೀಸೆಲ್ ಪೂರ್ತಿ ಉರಿಯದೆ ಹೊಗೆ, ಮೈಲೇಜು ಕಮ್ಮಿ, ಆಯಿಲ್ ಬೇಗ ಕೆಡುವುದು, ಸಿಲಿಂಡರ್ ಬೇಗ ಸವೆಯುವುದು. ಕೆಲವು ಇಂಜಿನ್ನುಗಳಲ್ಲಂತೂ ವಾಲ್ವ್ ತೆಗೆದರೆ ಬೈಪಾಸಿನ ದಾರಿ ಮುಚ್ಚದೆ, ರೇಡಿಯೇಟರಿಗೆ ಹೋಗಬೇಕಾದ ನೀರು ಅಡ್ಡದಾರಿ ಹಿಡಿದು ಇಂಜಿನ್ ಇನ್ನಷ್ಟು ಕಾಯುತ್ತದೆ. ಕೆಂಪು ತೋರಿಸುವ ಮುಳ್ಳಿನ ಕೆಳಗೆ ಇಷ್ಟು ದಿನ ಓಡಿದ್ದು ಚಳಿ ಹಿಡಿದ ಇಂಜಿನ್ನು.

ಹೊಸ ವಾಲ್ವನ್ನೂ ಮೇಸ್ತ್ರಿ ಸುಮ್ಮನೆ ನಂಬಲಿಲ್ಲ. ದಾರ ಕಟ್ಟಿ ಗೂಡಂಗಡಿಯ ಒಲೆಗೆ ಕಳಿಸಿದರು. ಅಂಗಡಿಯಾಕೆ ಚಹಾ ಪಾತ್ರೆ ಮುಟ್ಟಗೊಡದೆ ಒಂದು ಹಳೆಯ ಡಾಲ್ಡಾ ಡಬ್ಬಿ ಕೊಟ್ಟರು. ಡಬ್ಬಿಯ ತಳದಲ್ಲಿ ಗುಳ್ಳೆಗಳು ಏಳತೊಡಗಿ, ನೀರು ಇನ್ನೂ ಕುದಿಯದೆ ಗುಣುಗುಣು ಎನ್ನುವಾಗ, ವಾಲ್ವಿನ ಹಿತ್ತಾಳೆ ತಟ್ಟೆ ಮೆಲ್ಲಗೆ ಎದ್ದು ಕೂದಲೆಳೆಯ ಸಂದು ಬಿಟ್ಟಿತು, ಸಂದು ಬೆಳೆದು ಬೆರಳ ದಪ್ಪವಾಯಿತು. ಹೊರಗೆ ತೆಗೆದು ಹಿಡಿದರೆ ಗಾಳಿಗೆ ಆರುತ್ತಾ ಮತ್ತೆ ಮುಚ್ಚಿಕೊಂಡಿತು. ಹುಡುಗ ಇದನ್ನು ಎರಡು ಸಲ ಮಾಡಿ ನೋಡಿದ. ಒಂದು ಸಲ ಪರೀಕ್ಷೆಗೆ, ಇನ್ನೊಂದು ಸಲ ಖುಷಿಗೆ.

ವಾಲ್ವು ಕೂತು, ಇಟ್ಟಿಗೆ ಬಣ್ಣದ ನೀರು ಹೋಗಿ ಹಸಿರು ಕೂಲೆಂಟ್ ತುಂಬಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬಂದ ಮೇಲೆ ಇಂಜಿನ್ ಮತ್ತೆ ಚಾಲೂ ಆಯಿತು. ಮುಳ್ಳು ಅವಸರವಿಲ್ಲದೆ ಏರಿತು, ಅರ್ಧದ ತುಸು ಕೆಳಗೆ ಬಂದು, ವಾಲ್ವು ತೆರೆದಾಗ ಒಂದು ಚೂರು ಇಳಿದು, ಮತ್ತೆ ಏರಿ ನಿಂತಿತು. ಆ ಚೂರು ಇಳಿದದ್ದನ್ನು ನೋಡಿ ಚಾಲಕ ಮತ್ತೆ ಹೌಹಾರಿದ. ಹಲವು ಹೊಸ ಗಾಡಿಗಳಲ್ಲಿ ಈ ಏರಿಳಿತ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಸೆನ್ಸರು ಸುದ್ದಿ ಹೇಳುವುದು ಕಂಪ್ಯೂಟರಿಗೆ. ನೀರು ಎಂಬತ್ತಕ್ಕಿರಲಿ ನೂರರ ಹತ್ತಿರಕ್ಕಿರಲಿ, ಓಡಿಸುವವನಿಗೆ ಯಾಕೆ ತಲೆಬಿಸಿ ಎಂದು ಅದು ಮುಳ್ಳನ್ನು ನಡುವೆ ನಿಲ್ಲಿಸಿ ಇಡುತ್ತದೆ. ನೆಮ್ಮದಿಯೇನೋ ಸಿಗುತ್ತದೆ, ಆದರೆ ಮುಳ್ಳು ಅಲುಗುವ ಹೊತ್ತಿಗೆ ಗಾಡಿ ಬದಿಗೆ ಹಾಕಲೂ ಸಮಯ ಉಳಿದಿರುವುದಿಲ್ಲ. ನನಗೆ ಈ ಹಳೆಯ, ಅಂಜುಬುರುಕ ಮುಳ್ಳೇ ವಾಸಿ.

ಲೆಕ್ಕ ಹಾಕುವಾಗ ಪಟ್ಟಿಗಿಂತ ವಾಲ್ವಿಗೂ ಕೂಲೆಂಟಿಗೂ ಹೆಚ್ಚಾಯಿತು, ಕೂಲಿ ಎಲ್ಲಕ್ಕಿಂತ ಕಮ್ಮಿ. ಮೀನು ಇಳಿಸಿದ ಮೇಲೆ ಹಲಗೆಗೂ ಅಡಿಗೂ ಸಿಹಿನೀರು ಹೊಡೆಯಿರಿ, ತಿಂಗಳಿಗೊಮ್ಮೆ ಆ ಬೋಲ್ಟಿಗೆ ಗ್ರೀಸು ಹಚ್ಚಿ ಎಂದು ಮೇಸ್ತ್ರಿ ಹೇಳಿದರು. ಚಾಲಕ ಹೂಂ ಅಂದ. ಹೂಂ ಅನ್ನುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಮೊದಲನೆಯದು ನಡೆದೀತು, ಎರಡನೆಯದು ಕಷ್ಟ. ಜೇಬಿನಿಂದ ನೋಟು ಎಣಿಸಿ ಕೊಟ್ಟು, ಗಾಡಿ ಹತ್ತುವವನು ತಿರುಗಿ, "ನಾಳೆ ಶನಿವಾರ ಬರುವಾಗ ಒಂದೆರಡು ಕಿಲೋ ಒಳ್ಳೆ ಬಂಗುಡೆ ತರ್ತೇನೆ ಮೇಸ್ತ್ರಿ" ಎಂದ.

"ಶನಿವಾರ ಮನೇಲಿ ಒಲೆ ಮೇಲೆ ಇಡಕ್ಕೆ ಬಿಡಲ್ಲ ಮಾರಾಯ, ಭಾನುವಾರ ತಗೊಂಬಾ," ಎಂದು ಮೇಸ್ತ್ರಿ ಆಗಲೇ ಬಂದು ನಿಂತಿದ್ದ ಆಟೋದ ಸೀಟು ಎತ್ತತೊಡಗಿದರು.